ಪೆನ್ನಿಗೆ ಕೂತ ವಕೀಲ

ಹಾನಗಲ್ಲಿನ ವಕೀಲ ವಾದಿರಾಜರಾಯರಿಗೆ ಕುಡಿತವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ, ಊಟದ ಮೇಲೆ ಒಂದು ಅಡಿಕೆ ಹೋಳನ್ನು ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ಇಂಥ ಗಂಡನನ್ನು ಪಡೆಯಲು ಪುಣ್ಯ ಮಾಡಿರಬೇಕೆಂದು ಓಣಿಯ ಹೆಂಗಸರು ಅವರ ಹೆಂಡತಿ ಗೋಪಿಕಾಬಾಯಿಗೆ ಹೇಳುತ್ತಿದ್ದರು. ಆಕೆಯೂ ಹೌದೆಂದೇ ನಂಬಿದ್ದಳು. ಕುಡುಕನ ಹೆಂಡತಿಗೆ ತನ್ನ ವೈರಿ ಯಾರೆಂದಾದರೂ ಗೊತ್ತಿರುತ್ತದೆ. ಈ ಬಡಪಾಯಿಗೆ ಅದು ತಿಳಿಯುವುದಕ್ಕೇ ಏಳೆಂಟು ವರ್ಷ ಹಿಡಿಯಿತು.

೧೯೭೪ರಲ್ಲಿ ವೀಳ್ಯದೆಲೆ ತೋಟದ ವ್ಯಾಜ್ಯವೊಂದರ ಜಾಗ ನೋಡಲು ರಾಯರು ಸವಣೂರಿಗೆ ಹೋಗಿದ್ದರು. ಕೆಲಸ ಬೇಗ ಮುಗಿಯಿತು. ಮನೆಗೆ ಆ ಊರಿನ ಖಾರದ ತಿಂಡಿ ಕಟ್ಟಿಸಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಮಸೀದಿ ಪಕ್ಕದ ಹಳೇ ಸಾಮಾನಿನ ಅಂಗಡಿಗೆ ಹಣಕಿ ಹಾಕಿದರು. ಮುರುಕು ಗಡಿಯಾರ, ಕನ್ನಡಕದ ಚೌಕಟ್ಟು, ಅತ್ತರಿನ ಖಾಲಿ ಬಾಟಲಿಗಳ ನಡುವೆ ಒಂದು ಕರಿಯ ಪೆನ್ನು ಬಿದ್ದಿತ್ತು. ಹೊಳಪು ಹೋಗಿ ಮೈ ಕಂದು ಬಣ್ಣಕ್ಕೆ ತಿರುಗಿತ್ತು, ನಿಬ್ಬು ಮಾತ್ರ ಬಂಗಾರದ್ದು. ಅಂಗಡಿಯ ಮುನಾಫ ಅದಕ್ಕೆ ಶಾಯಿ ತುಂಬಿ ಕೊಟ್ಟ. ರಾಯರು ಒಂದು ಚೀಟಿಯ ಮೇಲೆ ತಮ್ಮ ಹೆಸರು ಬರೆದರು. ಹುಟ್ಟಿದಾಗಿನಿಂದ ನೆಟ್ಟಗೆ ನಿಲ್ಲುತ್ತಿದ್ದ ಅವರ ಅಕ್ಷರಗಳು ಬಲಕ್ಕೆ ವಾಲಿದವು.

"ಅದು ಹಂಗ ಬರಿತೈತ್ರಿ ಸಾಹೇಬ್ರ," ಎಂದ ಮುನಾಫ. "ಯಾವನೋ ಒಬ್ಬನ ಕೈಯಾಗ ಜಲ್ಮಪೂರ್ತಿ ಸವದೈತಿ ನೋಡ್ರಿ. ಮನಷಾ ಹ್ವಾದ, ಅವನ ಕೈ ಅದರಾಗ ಉಳಕೊಂತು."

ಬೇರೆ ಯಾರಾದರೂ ಆಗಿದ್ದರೆ ಪೆನ್ನನ್ನು ಅಲ್ಲೇ ಕೆಳಗಿಟ್ಟು ಬರುತ್ತಿದ್ದರು. ರಾಯರಿಗೆ ಮೈ ಜುಮ್ಮೆಂದಿತು. ಚೌಕಾಶಿ ಕೂಡ ಮಾಡದೆ ಕೊಂಡುಕೊಂಡರು.

ಅಲ್ಲಿಂದ ಶುರುವಾಯಿತು. ಹೊಸ ಪೆನ್ನು ಅವರಿಗೆ ಬೇಡ. ಯಾರ ಕೈಯನ್ನೂ ಕಾಣದ ಪೆನ್ನು ಉಪ್ಪಿಲ್ಲದ ಸಾರಿನಂತೆ ಸಪ್ಪೆ. ಹಳೆಯದಾಗಿರಬೇಕು, ಒಬ್ಬನೇ ಬಳಸಿ ಸವೆಸಿದ್ದಾಗಿರಬೇಕು. ಕೊಂಡ ಸುಖವಾದರೂ ಎಷ್ಟು ಹೊತ್ತಿನದು? ಬಸ್ಸು ಹಾನಗಲ್ಲು ಮುಟ್ಟುವತನಕ. ಪೆನ್ನನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರೆ ಮುಗಿಯಿತು, ಮನಸ್ಸು ಆಗಲೇ ಇನ್ನೊಂದರ ಬೆನ್ನು ಹತ್ತುತ್ತಿತ್ತು. ದುಂಡಸಿಯ ಮಹಾಲಿಂಗಪ್ಪ ಎಂಬ ದೊಡ್ಡ ಹಿಡುವಳಿಯವನ ದಾವೆ ಗೆದ್ದುಕೊಟ್ಟು, ಫೀ ಬದಲು ಅವನ ತೀರಿಹೋದ ತಂದೆಯ ಪೆನ್ನು ಕೇಳಿದರು. ಮಹಾಲಿಂಗಪ್ಪ ಬಿದ್ದು ಬಿದ್ದು ನಕ್ಕ.

"ನಮ್ಮಪ್ಪ ಹೆಬ್ಬೆಟ್ಟ ಒತ್ತಾಂವ್ರಿ ವಕೀಲ್ರ! ಪೆನ್ನ ಬರೇ ಮಂದಿಗೆ ತೋರ್ಸಾಕ ಕಿಸೆದಾಗ ಇರತಿತ್ತು. ಒಯ್ರಿ, ಒಯ್ರಿ."

ರಾಯರು ತಂದು ಬರೆದು ನೋಡಿದರು. ನಿಬ್ಬಿನಲ್ಲಿ ಯಾರೂ ಇರಲಿಲ್ಲ. ಆ ಪೆನ್ನನ್ನು ಅವರು ಮತ್ತೆ ಮುಟ್ಟಲಿಲ್ಲ.

"ಒಬ್ಬ ಮನಷ್ಯಾಗ ಬರೀಲಿಕ್ಕೆ ಎಷ್ಟರೆ ಪೆನ್ನು ಬೇಕ್ರೀ?" ಎಂದು ಗೋಪಿಕಾಬಾಯಿ ಒಮ್ಮೆ ಕೇಳಿದಳು. ರಾಯರು ನಕ್ಕರು. ಅವರು ಬರೆಯಲಿಕ್ಕೆ ಕೊಳ್ಳುತ್ತಿದ್ದಾರೆಂದು ಆಕೆ ಇನ್ನೂ ನಂಬಿದ್ದಳಲ್ಲ, ಅದಕ್ಕೆ.

ಮುನಾಫನ ಅಂಗಡಿಯಲ್ಲಿ ಪೆನ್ನುಗಳು ತೀರಿದವು. ಆಗ ರಾಯರಿಗೆ ಒಂದು ವಿಷಯ ಹೊಳೆಯಿತು. ತಮಗೆ ಬೇಕಾದ ಒಳ್ಳೆಯ ಪೆನ್ನುಗಳೆಲ್ಲ ಅಂಗಡಿಯಲ್ಲಿ ಇಲ್ಲ, ಬದುಕಿರುವವರ ಕಿಸೆಯಲ್ಲಿವೆ. ಅವರು ಮಾರುವುದಿಲ್ಲ. ಶಿಗ್ಗಾವಿಯಲ್ಲಿ ಯಾವ ಪಂಡಿತರ ಹತ್ತಿರ ಏನಿದೆ, ಹಿರೇಕೆರೂರಿನ ಯಾವ ಮುದುಕರು ಯಾವುದರಲ್ಲಿ ಬರೆಯುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಯಿತು. ಅವರಲ್ಲಿ ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೆಂದು ಕೇಳಿದರೆ ಸಾಕು, ಮೋಸಂಬಿ ಹಿಡಿದು ನೋಡಲು ಹೋಗುತ್ತಿದ್ದರು. ಎಷ್ಟು ಅಂತಃಕರಣದ ಮನುಷ್ಯ ಎಂದು ಜನ ಹೊಗಳಿದರು. ಹೊಗಳುವವರಿಗೆ ಏನು ಗೊತ್ತು, ರೋಗಿಯ ಮುಖಕ್ಕಿಂತ ಗೂಟಕ್ಕೆ ತೂಗುಹಾಕಿದ ಅಂಗಿಯ ಮೇಲೆಯೇ ಅವರ ಕಣ್ಣೆಂದು.

ಒಬ್ಬಳೇ ಮಗಳು ಸುಮನ್. ರಾಯರಿಗೆ ಜಗತ್ತಿನಲ್ಲಿ ಪೆನ್ನಿಗಿಂತ ಹೆಚ್ಚು ಬೇಕಾದದ್ದು ಏನಾದರೂ ಇದ್ದರೆ ಅವಳೇ ಎಂದು ಅವರು ಪ್ರಾಮಾಣಿಕವಾಗಿ ತಿಳಿದಿದ್ದರು. ೧೯೭೯ರಲ್ಲಿ ಅವಳನ್ನು ಹಿರೇಕೆರೂರಿಗೆ ಕೊಟ್ಟರು. ಹುಡುಗ ಮಧ್ವೇಶ, ಬ್ಯಾಂಕಿನಲ್ಲಿ ನೌಕರಿ, ಸಾಧು ಸ್ವಭಾವ. ಬೀಗರು ಶ್ರೀಪಾದರಾಯರು, ನಿವೃತ್ತ ಹೆಡ್‌ಮಾಸ್ತರರು. ಧಾರೆ ಎರೆಯುವ ಹೊತ್ತಿನಲ್ಲಿ ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ, ಕೈಯಿಂದ ನೀರು ಬಿಡುತ್ತಿದ್ದ ವಧುವಿನ ತಂದೆ ಬೀಗರ ಕಿಸೆ ನೋಡುತ್ತಿದ್ದರು. ಅಲ್ಲಿ ಕೆಂಪು-ಕಪ್ಪು ಅಲೆಗಳ ಗಟ್ಟಿ ರಬ್ಬರಿನ ಪೆನ್ನೊಂದಿತ್ತು. ಅಂಥದನ್ನು ಅವರು ಹಿಂದೆ ಕಂಡಿರಲಿಲ್ಲ.

ಎರಡು ವರ್ಷದ ಮೇಲೆ ಶಿಗ್ಗಾವಿಯ ರಘೂತ್ತಮಾಚಾರ್ಯರು ತೀರಿಕೊಂಡರು. ಹಸಿರು ಪಟ್ಟೆಯ ಜರ್ಮನ್ ಪೆನ್ನು ಅವರದು. ದುಃಖ ಹಂಚಿಕೊಳ್ಳುವ ನೆವದಲ್ಲಿ ಹೋದ ರಾಯರು, ಕೊಡುತ್ತೀರಾ ಎಂದು ಮಗನನ್ನು ಕೇಳಿದರು. ಬೇಕಾದ ಬೆಲೆ ಹೇಳಿರಿ ಎಂದರು. ಮಗ ಕೈ ಮುಗಿದ.

"ಅಪ್ಪನ ಸಾಮಾನು ಮಾರೂದಲ್ಲರಿ. ಹನ್ನೊಂದನೇ ದಿವಸ ದಾನ ಹೋಗ್ತದ."

ಆ ದಿನ ವೈಷ್ಣವರ ಮನೆಯಲ್ಲಿ ಒಬ್ಬ ಬ್ರಾಹ್ಮಣನನ್ನು ಸತ್ತವನ ಸ್ಥಾನದಲ್ಲಿ ಕೂಡಿಸುತ್ತಾರೆ. ಸತ್ತವನೆಂದೇ ಭಾವಿಸಿ ಉಣಬಡಿಸುತ್ತಾರೆ. ಸತ್ತವನು ಬಳಸಿದ ಹಾಸಿಗೆ, ಛತ್ರಿ, ಚಪ್ಪಲಿ, ಇಷ್ಟಪಟ್ಟ ವಸ್ತುಗಳನ್ನು ಕೊಟ್ಟು ಹಿತ್ತಲ ಬಾಗಿಲಿನಿಂದ ಕಳಿಸುತ್ತಾರೆ. ಹೋಗಿ ಬನ್ನಿ ಎನ್ನುವುದಿಲ್ಲ, ಅವನೂ ತಿರುಗಿ ನೋಡುವುದಿಲ್ಲ. ಇದಕ್ಕೆ ಮನಸ್ಸಿಟ್ಟು ಬರುವವರು ಯಾರೂ ಇಲ್ಲ, ಹೊಟ್ಟೆಗಿಲ್ಲದವರು ಬರುತ್ತಾರೆ. ಹನ್ನೊಂದನೆಯ ದಿನ ರಾಯರು ಮತ್ತೆ ಶಿಗ್ಗಾವಿಗೆ ಹೋದರು. ಅಂದು ಕೂಡಬೇಕಾದವನು ಬರಲೇ ಇಲ್ಲ. ಹೊತ್ತು ಏರಿತು, ಮನೆಯವರು ಕಂಗಾಲಾದರು. ದಾನದ ಸಾಮಾನಿನ ಮೇಲೆ ಹಸಿರು ಪೆನ್ನು ಮಲಗಿತ್ತು.

"ನಾ ಕೂಡ್ತೀನಿ," ಎಂದರು ರಾಯರು.

ಪುರೋಹಿತರು ದರ್ಭೆ ಕೆಳಗಿಟ್ಟರು. "ವಕೀಲರ, ತಿಳದು ಮಾತಾಡ್ಲಿಕ್ಕತ್ತೀರೇನು? ಇದಕ್ಕ ಕೂತವರನ್ನ ಮುಂದ ಮದವಿ-ಮುಂಜಿವಿಗೆ ಯಾರೂ ಕರಿಯೂದಿಲ್ಲ."

"ತಿಳದs ಹೇಳ್ಲಿಕ್ಕತ್ತೀನಿ."

ಕೂತರು. ಆಚಾರ್ಯರ ಹೆಸರು ಹಿಡಿದು ಕರೆದಾಗ ಓಗೊಟ್ಟರು. ಆಚಾರ್ಯರಿಗೆ ಸೇರುತ್ತಿದ್ದ ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಹಿತ್ತಲಿನಿಂದ ಹೊರಬಿದ್ದು, ಹಾಸಿಗೆ ಛತ್ರಿಗಳನ್ನು ದಾರಿಯಲ್ಲಿ ಯಾರಿಗೋ ಕೊಟ್ಟು, ಪೆನ್ನನ್ನು ಮಾತ್ರ ಎದೆಗೆ ಒತ್ತಿಕೊಂಡಂತೆ ಒಳಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅವರು ಖುಷಿಯಾಗಿದ್ದರು.

ಗೋಪಿಕಾಬಾಯಿ ಅವರನ್ನು ಹಿತ್ತಲಲ್ಲೇ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿದಳು. ಸುರಿಯುತ್ತ ಅಳುತ್ತಿದ್ದಳು. "ನಮಗೇನು ಕಡಿಮಿ ಆಗಿತ್ತ್ರೀ? ಸತ್ತವರಂಗ ಕೂತು ಉಣ್ಣೂವಂಥಾದ್ದು ಏನ ಬಂದಿತ್ತು?" ಎಂದು ಕೇಳಿದಳು. ಅಂದಿನಿಂದ ಆ ಕಪಾಟಿನ ಕೋಣೆಯಲ್ಲಿ ಆಕೆ ಕಸ ಗುಡಿಸುವುದನ್ನೂ ಬಿಟ್ಟಳು.

ಒಮ್ಮೆ ಕೂತವರಿಗೆ ಎರಡನೆಯ ಸಲ ಅಷ್ಟು ಕಷ್ಟವಲ್ಲ. ಸವಣೂರಿನಲ್ಲಿ ಕೂತರು. ಮತ್ತೆ ಶಿಗ್ಗಾವಿಯಲ್ಲಿ ಕೂತರು. ಅವರ ಮೋಸಂಬಿಯ ಗುಟ್ಟು ರಟ್ಟಾಯಿತು. ರಾಯರು ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲಿನ ಮುದುಕರು ಕಿಸೆಯ ಮೇಲೆ ಕೈ ಇಟ್ಟುಕೊಂಡು ಎದ್ದು ಒಳಗೆ ಹೋಗುತ್ತಿದ್ದರು. ಕಾಯಿಲೆ ಮನೆಯವರು ಅವರನ್ನು ಕಂಡು ಬಾಗಿಲು ಹಾಕುತ್ತಿದ್ದರು. ಮುನಾಫ ಕೂಡ ಅಂಗಡಿಯ ಮೆಟ್ಟಿಲು ಹತ್ತಗೊಡಲಿಲ್ಲ.

"ಇನ್ನ ಬರಬ್ಯಾಡ್ರಿ ಸಾಹೇಬ್ರ. ಮದಲ ನೀವು ಪೆನ್ನ ಕೊಳ್ಳತಿದ್ರಿ. ಈಗ ಮನಷಾರ್ನ ಕೊಳ್ಳಾಕತ್ತೀರಿ," ಎಂದ.

ಈ ಎಲ್ಲದರ ಬಿಸಿ ತಾಗಿದ್ದು ಹಿರೇಕೆರೂರಿನಲ್ಲಿದ್ದ ಸುಮನ್‌ಳಿಗೆ. ೧೯೮೩ರ ನಾಗರಪಂಚಮಿಗೆ ತವರಿಗೆ ಬಂದವಳು, ಜೋಕಾಲಿಯ ಕಡೆ ನೋಡದೆ ನೇರ ಅಪ್ಪನ ಮುಂದೆ ಬಂದು ಕೂತಳು.

"ಅಪ್ಪಾ, ನೀ ನಮ್ಮ ಮನಿಗೆ ಬಂದಾಗೆಲ್ಲಾ ಮಾವನವರ ಕಿಸೆ ನೋಡ್ತಿ. ಅವರಿಗೆ ಎದಿಬ್ಯಾನಿ ಅದ. ನೀ ಬಂದು ಹೋದ ದಿವಸ ಅವರು ಊಟಾ ಮಾಡೂದಿಲ್ಲ. ಅತ್ತಿಯವರು ನನಗ ಏನಂತಾರ ಗೊತ್ತೇನು? 'ನಿಮ್ಮಪ್ಪ ಇಲ್ಲೆ ಯಾರ ಸಾವು ಕಾಯಲಿಕ್ಕತ್ತಾನ' ಅಂತಾರ."

"ಹುಚ್ಚಿ, ನಾ ಹಂಗೆಲ್ಲೆ ನೋಡ್ತೀನಿ?"

"ನೋಡ್ತಿ. ನಾ ಆ ಮನ್ಯಾಗ ಬಾಳ್ವೆ ಮಾಡಬೇಕಪ್ಪಾ. ಆ ಪೆನ್ನಿನ ಆಶಾ ಬಿಟ್ಟೆ ಅಂತ ನನ್ನ ತಲಿ ಮ್ಯಾಲೆ ಕೈ ಇಟ್ಟು ಹೇಳು. ಇಲ್ಲಾಂದ್ರ ನಾ ಈ ಮನಿಗೆ ಮತ್ತ ಬರೂದಿಲ್ಲ."

ರಾಯರು ಮಗಳ ತಲೆಯ ಮೇಲೆ ಕೈಯಿಟ್ಟು, ಬಿಟ್ಟೆ ಎಂದರು. ಹೇಳುವಾಗ ಕಣ್ಣಲ್ಲಿ ನೀರು ಬಂತು. ಆ ನೀರು ಸುಳ್ಳಲ್ಲ. ಅದರ ಮೇಲೆ ಎಂಟು ತಿಂಗಳು ಅವರು ಹಿರೇಕೆರೂರಿನ ಕಡೆ ತಲೆ ಹಾಕಲಿಲ್ಲ, ಹೊಸದಾಗಿ ಯಾವ ಪೆನ್ನನ್ನೂ ಕೊಳ್ಳಲಿಲ್ಲ. ಎಲ್ಲ ಸರಿಹೋಯಿತೆಂದು ಗೋಪಿಕಾಬಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಬಿಟ್ಟೆನೆಂದ ಮೇಲೆ ಆ ಕೆಂಪು-ಕಪ್ಪು ಪೆನ್ನು ರಾಯರ ತಲೆಯಲ್ಲಿ ಇನ್ನಷ್ಟು ದೊಡ್ಡದಾಯಿತು. ಬೀಗರ ಅಕ್ಷರ ಹೇಗಿರಬಹುದು, ಆ ನಿಬ್ಬು ಯಾವ ಕಡೆಗೆ ವಾಲಬಹುದು ಎಂದು ಕೋರ್ಟಿನಲ್ಲಿ ನಿಂತಾಗಲೂ ಯೋಚಿಸುತ್ತಿದ್ದರು. ಆಣೆಯನ್ನು ಮುರಿಯುವ ವಿಚಾರ ಅವರಿಗಿರಲಿಲ್ಲ. ಕಾಯಲು ಆಣೆ ಅಡ್ಡಬರುವುದಿಲ್ಲ ಎಂದು ವಕೀಲರ ಬುದ್ಧಿ ಒಳಗೊಳಗೇ ವಾದ ಹೂಡಿತ್ತು.

೧೯೮೪ರ ಬೇಸಿಗೆಯ ಒಂದು ಬೆಳಿಗ್ಗೆ ಎದುರಿನ ಔಷಧಿ ಅಂಗಡಿಯ ದ್ಯಾಮಪ್ಪ ಓಡುತ್ತ ಬಂದ. ಆ ಓಣಿಗೆ ಫೋನು ಇದ್ದದ್ದು ಅವನ ಅಂಗಡಿಯಲ್ಲಿ ಮಾತ್ರ.

"ಹಿರೇಕೆರೂರಿಂದ ಫೋನ್ ಬಂದಿತ್ರಿ ವಕೀಲ್ರ. ಬೀಗರ ಮನ್ಯಾಗ ಘಾತ ಆಗೇತಂತ್ರಿ, ತೀರಿಕೊಂಡಾರಂತ. ಲಗೂನ ಬರಬೇಕಂದ್ರು. ಅಷ್ಟರಾಗ ಲೈನ್ ಕಟ್ಟಾತು."

"ಯಾರು? ಯಾರು ತೀರಿಕೊಂಡ್ರಪಾ?" ಎಂದು ಗೋಪಿಕಾಬಾಯಿ ಕೂಗಿದಳು.

"ಇನ್ಯಾರು?" ಎಂದರು ರಾಯರು. "ಬೀಗರು. ಎದಿಬ್ಯಾನಿ ಇತ್ತಲ್ಲ."

ಎಷ್ಟು ತಟ್ಟನೆ ಹೇಳಿದರೆಂದರೆ ದ್ಯಾಮಪ್ಪ ಅವರ ಮುಖ ನೋಡಿದ. ಮತ್ತೊಮ್ಮೆ ಫೋನು ಹಚ್ಚಿಸಿ ಕೇಳಬೇಕೆಂದು ರಾಯರಿಗೆ ಅನ್ನಿಸಲಿಲ್ಲ. ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು.

"ಇಂಥಾ ಬಿಸಲಾಗ ಕೋಟ್ಯಾಕ್ರೀ?" ಎಂದಳು ಗೋಪಿಕಾಬಾಯಿ. ಆ ಕೋಟಿಗೆ ಒಳಕಿಸೆ ಇತ್ತು.

ಬಸ್ಸಿನಲ್ಲಿ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ರಾಯರು ಕಿಟಕಿಯ ಹೊರಗೆ ನೋಡುತ್ತ ಲೆಕ್ಕ ಹಾಕುತ್ತಿದ್ದರು. ಬೀಗರಾದ್ದರಿಂದ ತಾವು ಹನ್ನೊಂದನೆಯ ದಿನ ಕೂಡುವ ಹಾಗಿಲ್ಲ. ಕೂಡುವ ಅಗತ್ಯವೂ ಇಲ್ಲ. ಬೇರೆ ಯಾವನೋ ಒಯ್ಯದಂತೆ ನೋಡಿಕೊಂಡರಾಯಿತು, ಪೆನ್ನು ಮಗಳ ಮನೆಯಲ್ಲೇ ಉಳಿಯುತ್ತದೆ. ಅಳಿಯ ಮಧ್ವೇಶ ಒಳ್ಳೆಯವನು, ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನುವುದಿಲ್ಲ. ಇಂಥ ಹೊತ್ತಿನಲ್ಲಿ ಇಂಥ ಯೋಚನೆಯೇ ಎಂದು ಒಂದೆರಡು ಸಲ ತಮಗೆ ತಾವೇ ಛೀ ಎಂದುಕೊಂಡರು. ಛೀ ಎಂದರೂ ಕಾಲಬೆರಳುಗಳು ಚಪ್ಪಲಿಯೊಳಗೆ ತಾಳ ಹಾಕುತ್ತಿದ್ದವು. ಬಸ್ಸು ನಿಧಾನವಾಗಿ ಹೋಗುತ್ತಿದೆಯೆಂದು ಕಂಡಕ್ಟರನ ಮೇಲೆ ಸಿಟ್ಟು ಮಾಡಿದರು.

ಬೀಗರ ಮನೆಯ ಮುಂದೆ ಜನ ಸೇರಿತ್ತು. ರಾಯರನ್ನು ಕಂಡು ದಾರಿ ಬಿಟ್ಟರು.

ಕಟ್ಟೆಯ ಮೇಲೆ, ಕಂಬಕ್ಕೆ ಬೆನ್ನು ಹಚ್ಚಿ, ಶ್ರೀಪಾದರಾಯರು ಕೂತಿದ್ದರು. ಬಿಳಿಯ ಅಂಗಿ. ಕಿಸೆಯಲ್ಲಿ ಕೆಂಪು-ಕಪ್ಪು ಪೆನ್ನು.

ಅಯ್ಯೋ, ಇನ್ನೂ ಇದ್ದಾರಲ್ಲ!

ರಾಯರ ಮನಸ್ಸಿಗೆ ಮೊಟ್ಟಮೊದಲು ಬಂದದ್ದು ಇದು. ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂಬಂತೆ ಮುಖ ಬಾಡಿತು. ಬೀಗರು ಇದ್ದಾರೆ ಎಂದಾದರೆ ಹೋದವರು ಯಾರೆಂಬ ಪ್ರಶ್ನೆ ಅವರಲ್ಲಿ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ಪಕ್ಕದಲ್ಲಿದ್ದ ಗೋಪಿಕಾಬಾಯಿಗೆ. ಆಕೆ ಮುದುಕರನ್ನು ನೋಡಿದಳು, ಬಾಗಿಲು ನೋಡಿದಳು, "ಸುಮೀ" ಎಂದು ಚೀರಿ ಒಳಗೆ ಓಡಿದಳು.

ಪಡಸಾಲೆಯಲ್ಲಿ ಮಧ್ವೇಶನನ್ನು ಮಲಗಿಸಿದ್ದರು. ಬ್ಯಾಂಕಿನ ಕೆಲಸಕ್ಕೆಂದು ಮೋಟಾರ್ ಸೈಕಲ್ ಮೇಲೆ ಅಬಲೂರಿಗೆ ಹೊರಟವನು ತಿರುವಿನಲ್ಲಿ ಬಿದ್ದನಂತೆ, ತಲೆಗೆ ಪೆಟ್ಟಾಯಿತಂತೆ ಎಂದು ಯಾರೋ ಹಿಂದೆ ಮೆಲ್ಲಗೆ ಹೇಳುತ್ತಿದ್ದರು. ಸುಮನ್ ಅವನ ತಲೆಯ ಹತ್ತಿರ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ತಾಯಿ ಬಂದು ತಬ್ಬಿಕೊಂಡರೂ ಅಳಲಿಲ್ಲ. ತಾಯಿಯ ಹೆಗಲ ಮೇಲಿಂದ, ಹೊರಗೇ ನಿಂತಿದ್ದ ಅಪ್ಪನನ್ನೇ ನೋಡುತ್ತಿದ್ದಳು. ಜನ ಅವರಿಗೆ ದಾರಿ ಬಿಟ್ಟಾಗಿನಿಂದ ನೋಡುತ್ತಿದ್ದಳು. ಅಪ್ಪನ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿ ಕಂಡದ್ದಕ್ಕೆ ಮುಖ ಹೇಗಾಯಿತು ಎಲ್ಲವನ್ನೂ ಕಂಡಿದ್ದಳು.

ಶ್ರೀಪಾದರಾಯರು ತಲೆಯೆತ್ತಿದರು. ಬೀಗರ ದೃಷ್ಟಿ ಎಲ್ಲಿ ನಿಂತಿದೆಯೆಂದು ನೋಡಿ, ಅದನ್ನೇ ಹಿಡಿದು ತಮ್ಮ ಕಿಸೆಗೆ ಬಂದರು. ಪೆನ್ನನ್ನು ಎಷ್ಟೋ ಹೊತ್ತು ಗುರುತು ಸಿಗದವರಂತೆ ನೋಡಿದರು. ಆಮೇಲೆ ಹೊರಗೆ ತೆಗೆದು ಮುಂದೆ ಹಿಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ತಗೋರಿ ವಕೀಲರ. ಇದನ್ನ ನನ್ನ ಮಗಗ ಕೊಡಬೇಕಂತ ಇಟಗೊಂಡಿದ್ದೆ."

ಜನರೆಲ್ಲ ನೋಡುತ್ತಿದ್ದರು. ಒಳಗಿನಿಂದ ಸುಮನ್ ನೋಡುತ್ತಿದ್ದಳು. ಬೇಡ ಎನ್ನಬೇಕು, ಬೀಗರ ಕಾಲು ಹಿಡಿಯಬೇಕು, ಒಳಗೆ ಮಗಳ ಹತ್ತಿರ ಓಡಬೇಕು ಎಂದು ರಾಯರು ನಿಜವಾಗಿಯೂ ಅಂದುಕೊಂಡರು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅವರ ಬಲಗೈ ಮುಂದೆ ಚಾಚಿತು.