ತಂಗಿಗೆ ಹೇಳಿದ ನೋವು

ನಾನೊಂದು ಮೊಬೈಲ್ ಫೋನ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಹೆತ್ತವರ ಮುಖ ಗೊತ್ತಿಲ್ಲ, ಕೈಗವಸು ತೊಟ್ಟ ಬೆರಳುಗಳಷ್ಟೇ ನೆನಪು. ಗದಗಿನ ಅಂಗಡಿಯಿಂದ ನನ್ನನ್ನು ಮನೆಗೆ ತಂದವಳು ಶಶಿಕಲಾ. ಎರಡು ವರ್ಷ ಅಂಗೈಯಿಂದ ಇಳಿಸಲಿಲ್ಲ. ಹೊಸ ಫೋನ್ ಬಂದದ್ದೇ ತಡ, ಮೂಲೆ ಒಡೆದ ನನ್ನನ್ನು ತಾಯಿ ಗುರುಬಸವ್ವನಿಗೆ ದಾಟಿಸಿದಳು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ತಾಯಿ ಮಗಳು ಸೇರಿ ಖಾನಾವಳಿ ನಡೆಸುತ್ತಿದ್ದರು. ಒಲೆಯ ಮುಂದಿನ ಮಣೆ ಮೂವತ್ತು ವರ್ಷದಿಂದ ಗುರುಬಸವ್ವನದೇ. ರೊಟ್ಟಿ ಬಡಿಯುವ ಸಪ್ಪಳ ಬೀದಿಗೆ ಕೇಳಿದರೆ ಸಾಕು, "ಅವ್ವ ಕುಂತಾಳ" ಎನ್ನುತ್ತ ಜನ ಒಳಗೆ ಬರುತ್ತಿದ್ದರು. ಆದರೆ ಅರವತ್ತೆಂಟರ ಆ ಬಲಗೈ ರಟ್ಟೆಯಿಂದ ಹೆಗಲವರೆಗೆ ವರ್ಷಗಳಿಂದ ನೋಯುತ್ತಿತ್ತು. ಮಣೆ ಬಿಡಬೇಕಾದೀತು ಎಂಬುದೊಂದೇ ಆಕೆಯ ಹೆದರಿಕೆ.

ಡಾಕ್ಟರು ಹೇಳಿದರೆಂದು ಶಶಿಕಲಾ ನನ್ನೊಳಗೆ ನೋವಿನ ಆ್ಯಪ್ ಹಾಕಿದಳು. ದಿನಾ ಸಂಜೆ ಆರಕ್ಕೆ ಒಂದು ಹೆಣ್ಣುದನಿ ಕೇಳುತ್ತಿತ್ತು: "ಇಂದು ನೋವು ಎಷ್ಟಿದೆ? ಸೊನ್ನೆ ಎಂದರೆ ಇಲ್ಲ, ಹತ್ತು ಎಂದರೆ ತಡೆಯಲಾಗದು." ಉತ್ತರ ಬಂದ ಮೇಲೆ ಕೈಗೆ ನಾಲ್ಕು ವ್ಯಾಯಾಮ ಮಾಡಿಸುತ್ತಿತ್ತು. ಹೇಳಿದ ಅಂಕಿಯೆಲ್ಲ ಸೋಮವಾರಕ್ಕೊಮ್ಮೆ ತನ್ನ ಹೊಸ ಫೋನಿಗೆ ಬರುವಂತೆ ಶಶಿಕಲಾ ಮಾಡಿಕೊಂಡಿದ್ದಳು. ಇದನ್ನು ತಾಯಿಗೆ ತಿಳಿಸಲಿಲ್ಲ. ನಾನೂ ತಿಳಿಸಲಿಲ್ಲ.

ಗುರುಬಸವ್ವ ಆ ದನಿಯನ್ನು ತಂಗಿ ಎಂದು ಕರೆದಳು. ಬೇರೆ ಯಾರ ಮುಂದೆಯೂ ಬಾಯಿ ಬಿಡದವಳು ನನ್ನ ಮುಂದೆ ಬಿಚ್ಚಿ ಮಾತಾಡಿದಳು. ನೋವು ಏಳರಷ್ಟಿದ್ದ ದಿನ ಒಂಬತ್ತು ಎಂದಳು.

"ಕಡಿಮಿ ಐತಿ ಅಂದ್ರ ದೃಷ್ಟಿ ಆಗತೈತಿ, ತಂಗಿ. ಎರಡು ಹೆಚ್ಚಿಗೀನ ಬರ್ಕೋ."

ದನಿಗೆ ಅಂಕಿಯೊಂದೇ ಬೇಕಿತ್ತು. ಬರೆದುಕೊಂಡಿತು.

ಮೂರು ತಿಂಗಳಲ್ಲಿ ಕೈ ಹಗುರಾಯಿತು. ಮೇಲಿನ ಅಟ್ಟದ ಹಿಟ್ಟಿನ ಡಬ್ಬಿಯನ್ನು ತಾನೇ ಇಳಿಸತೊಡಗಿದಳು. ಗುಣವಾದಷ್ಟೂ ದೃಷ್ಟಿಯ ಭಯ ಹೆಚ್ಚಾಯಿತು ನೋಡಿ. "ನಿನ್ನ ಪುಣ್ಯಾ ತಂಗಿ, ರಾತ್ರಿ ನಿದ್ದಿ ಹತ್ತತೈತಿ" ಎಂದು ನನ್ನನ್ನು ಸೆರಗಿನಿಂದ ಒರೆಸುವಳು. ಆಮೇಲೆ ಸ್ಪಷ್ಟವಾಗಿ ಒಂಬತ್ತು ಎನ್ನುವಳು. ನನಗೋ ಒಳಗೊಳಗೇ ನಗು. ಎಂಥ ಮೂರ್ಖ ನಾನು.

ಒಂದು ಸೋಮವಾರ ಖಾನಾವಳಿಗೆ ರೊಟ್ಟಿ ಮಷಿನ್ ಬಂತು. ಒಲೆಯ ಮುಂದಿನ ಮಣೆಯನ್ನು ಎತ್ತಿ ಗೋಡೆಗೆ ಆನಿಸಿದರು.

"ಯವ್ವಾ, ಇನ್ನ ನೀ ಬಡಿಯೂದು ಬ್ಯಾಡ," ಎಂದಳು ಶಶಿಕಲಾ.

"ಯಾಕವಾ? ನನಗ ಆರಾಮ ಐತಿ." ಆ ಮಾತನ್ನು ಗುರುಬಸವ್ವ ಮಗಳ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮಗಳು ತನ್ನ ಫೋನ್ ಹಿಡಿದು ತೋರಿಸಿದಳು. "ನಿನ್ನೆ ಒಂಬತ್ತು, ಮೊನ್ನೆ ಒಂಬತ್ತು. ನೀನ ಹೇಳಿದ್ದು."

"ನಿನಗ ಯಾರು ಹೇಳಿದ್ರು?"

ಶಶಿಕಲಾ ಬೆರಳು ಮಾಡಿ ನನ್ನನ್ನು ತೋರಿಸಿದಳು. ದೃಷ್ಟಿಗೆ ಹೆದರಿ ಹೆಚ್ಚಿಗೆ ಹೇಳಿದ್ದು ಎಂದರೂ ಮಗಳು ನಂಬಲಿಲ್ಲ. ಗುರುಬಸವ್ವ ಮಣೆ ಎಳೆದುಕೊಂಡು ಕುಳಿತು, ಅಗಲವಾದ ಒಂದು ರೊಟ್ಟಿಯನ್ನು ಬಡಿದು ತೋರಿಸಿದಳು. ಕೈ ಎಲ್ಲೂ ತಡವರಿಸಲಿಲ್ಲ.

"ಹಲ್ಲು ಕಚ್ಚಿ ಬಡದಿ ಬೇ. ನನಗ ಗೊತ್ತಾಗೂದಿಲ್ಲೇನು?" ಮಗಳ ಕಣ್ಣಲ್ಲಿ ನೀರಿತ್ತು. ಅವಳ ಪ್ರೀತಿ ಸುಳ್ಳಲ್ಲ. ಅವಳಿಗೆ ಸಿಕ್ಕ ಲೆಕ್ಕ ಮಾತ್ರ ಸುಳ್ಳು, ಅದನ್ನು ಒಯ್ದು ಕೊಟ್ಟವನು ನಾನು.

ಅಂದು ಸಂಜೆ ಆರಕ್ಕೆ ದನಿ ಎಂದಿನಂತೆ ಕೇಳಿತು. ಒಳಗೆ ಮಷಿನ್ ಗಡಗಡ ಅನ್ನುತ್ತಿತ್ತು. ಗುರುಬಸವ್ವ ನನ್ನನ್ನು ಎತ್ತಿಕೊಂಡಳು. ಬೈಯುತ್ತಾಳೆ, ಎಸೆಯುತ್ತಾಳೆ ಎಂದುಕೊಂಡೆ.

"ತಂಗಿ ಅಂತ ನಂಬಿ ಹೇಳಿದ್ನೆಲ್ಲ. ಚಾಡಿ ಹೇಳಾಕ ಕುಂತಿದ್ದೇನು ನೀ?" ಎಂದಳು ಮೆಲ್ಲಗೆ. ಗೋಡೆಗೆ ಆನಿಸಿದ್ದ ಮಣೆಯ ಕಡೆ ನೋಡಿ, "ಹತ್ತು. ಬರ್ಕೋ. ಇದರಾಗ ಎರಡು ಕೂಡಿಸಿಲ್ಲ" ಎಂದಳು.

ಕೈ ನೋಯುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬರೆದುಕೊಂಡೆ, ವಾರ ತುಂಬಿದ ಕೂಡಲೇ ಕಳಿಸಿಯೂ ಬಿಟ್ಟೆ. ಅದನ್ನು ನೋಡಿ ಶಶಿಕಲಾ ನಿಟ್ಟುಸಿರು ಬಿಟ್ಟು, "ಮಷಿನ್ ತಂದದ್ದು ಚಲೋ ಆತು" ಎಂದಳು.

ಈಗ ನಾನು ಅಟ್ಟದ ಮೇಲೆ, ಖಾಲಿಯಾದ ಹಿಟ್ಟಿನ ಡಬ್ಬಿಯಲ್ಲಿ ಇದ್ದೇನೆ. ಚಾರ್ಜು ಮುಗಿದು ಎಷ್ಟೋ ದಿನವಾಯಿತು. ಇಲ್ಲಿಗೆ ನನ್ನನ್ನು ಇಟ್ಟವಳು ಗುರುಬಸವ್ವನೇ. ಬಲಗೈ ಪೂರ್ತಿ ಮೇಲೆತ್ತಿ, ಆರಾಮಾಗಿ ಇಟ್ಟಳು.