ಮುಳ್ಳು ಅಲುಗಲಿಲ್ಲ

“ಇನ್ನೊಂದು ಸುತ್ತು ತಿರುಗ್ಸಿ ಸಾವ್ಕಾರ್ರೇ, ಮೆಲ್ಲಕೆ,” ಎಂದು ಮೆಕ್ಯಾನಿಕ್ ನೂರ್ ಅಹ್ಮದ್ ಕನ್ನಡಕ ಏರಿಸಿಕೊಂಡ. ಸ್ಟ್ಯಾಂಡಿನ ಮೇಲೆ ಕೂತಿದ್ದ ಹಳೇ ಲ್ಯಾಂಡ್‌ಮಾಸ್ಟರ್ ಕಾರಿನ ಎಂಜಿನ್ನನ್ನು ಅದರ ಒಡೆಯ, ಬನವಾಸಿಯ ಅಂದಾನಪ್ಪ, ಮುಂದುಗಡೆಯಿಂದ ಹ್ಯಾಂಡಲ್ ಹಾಕಿ ತಿರುಗಿಸಿದ. ಹಿಂದುಗಡೆ, ಕ್ಲಚ್ ಹೌಸಿಂಗಿನ ದುಂಡು ಬಾಯೊಳಗೆ ಓರೆಕೋರೆ ಅಳೆಯುವ ಡಯಲ್ ಗೇಜಿನ ಕಡ್ಡಿ ಅಂಚನ್ನು ಸವರಿಕೊಂಡು ಪೂರ್ತಿ ಸುತ್ತಿ ಬಂತು. ಗೇಜಿನ ಮುಳ್ಳು ಅಲುಗಲಿಲ್ಲ. ಹೌಸಿಂಗ್ ಎಂಜಿನ್ನಿನ ನಡುವಿಗೆ ಸರಿಯಾಗಿ ಕೂತಿತ್ತು. ಇನ್ನು ಗೇರ್ ಬಾಕ್ಸ್ ಜೋಡಿಸಿ ಬೋಲ್ಟ್ ಬಿಗಿಯುವುದಷ್ಟೇ ಬಾಕಿ.

“ಊಹೂಂ,” ಎಂದ ನೂರ್ ಅಹ್ಮದ್. “ಇನ್ನೂ ಸೆಂಟರಿಗೆ ಬಂದಿಲ್ಲ.”

ಸೋಮವಾರದಿಂದಲೂ ಇದೇ ಸುಳ್ಳು. ಅದಕ್ಕೂ ಮೊದಲು ಎಣ್ಣೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ಟಿನ ಆಟ ನಡೆದಿತ್ತು. ಇಷ್ಟು ಹಳೇ ಎಂಜಿನ್ನಿಗೆ ಅಂಗಡಿಯಲ್ಲಿ ಗ್ಯಾಸ್ಕೆಟ್ ಎಲ್ಲಿ ಸಿಗಬೇಕು! ದಪ್ಪ ಕಾಗದವನ್ನು ಲೋಹದ ಅಂಚಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಟಕಟಕ ತಟ್ಟುತ್ತ, ಮೂಡಿದ ಗುರುತಿಗೇ ಕತ್ತರಿಸಿಕೊಳ್ಳಬೇಕು. ಕಣ್ಣು ಮುಚ್ಚಿ ಮಾಡಬಲ್ಲ ಕೆಲಸ. ಆದರೂ ನೂರ್ ಅಹ್ಮದ್ ಬೇಕೆಂದೇ ಒಂದನ್ನು ಹರಿದ, ಇನ್ನೊಂದರ ತೂತು ತಪ್ಪಿಸಿದ. ಅಂದಾನಪ್ಪ ಸ್ಟೂಲಿನ ಮೇಲೆ ಕೂತು, “ಆಗ್ಲಿ ಬಿಡ್ರೀ, ಅವಸರ ಏನೈತಿ,” ಎನ್ನುತ್ತ ಬನವಾಸಿಯ ಶುಂಠಿ ದರ, ಅನಾನಸ್ ಲಾರಿಯವರ ಜಗಳ, ತನ್ನಪ್ಪ ಇದೇ ಕಾರನ್ನು ಗದ್ದೆಗಿಳಿಸಿ ಎತ್ತು ಕಟ್ಟಿ ಎಳೆಸಿದ್ದು, ಎಲ್ಲ ಹೇಳುತ್ತಿದ್ದ. ಆ ಮನುಷ್ಯನ ಬಾಯಿಗೆ ಬ್ರೇಕೇ ಇರಲಿಲ್ಲ. ನೂರ್ ಅಹ್ಮದನಿಗೆ ಬೇಕಾಗಿದ್ದೂ ಅದೇ.

ಹೆಂಡತಿ ಜುಬೇದಾ ತೀರಿಕೊಂಡ ಮೇಲೆ ಅವನ ಜೊತೆ ಮಾತಾಡುವವರೆಂದರೆ ಗಿರಾಕಿಗಳೇ. ಗಾಡಿಗಳೆಲ್ಲ ಕಂಪನಿ ವರ್ಕ್‌ಶಾಪಿಗೆ ಹೋಗುವ ಕಾಲ. ಶಿರಸಿಯ ಈ ಗ್ಯಾರೇಜಿನ ಮುಂದೆ ನಾಯಿಯೂ ನಿಲ್ಲುತ್ತಿರಲಿಲ್ಲ. ದಿನವಿಡೀ ತುಟಿ ಬಿಚ್ಚದೆ ಇದ್ದು, ಸಂಜೆ ಗೂಡಂಗಡಿಯಲ್ಲಿ ಬೀಡಿ ಕೇಳಹೋದರೆ ಒಮ್ಮೊಮ್ಮೆ ದನಿಯೇ ಹೊರಡುತ್ತಿರಲಿಲ್ಲ. ಅದಕ್ಕೆ ಅವನು ನಿಜಕ್ಕೂ ಹೆದರುತ್ತಿದ್ದ. ಕಾರು ಹೊರಟರೆ ಅಂದಾನಪ್ಪನೂ ಹೊರಟ ಹಾಗೆಯೇ.

ಮಧ್ಯಾಹ್ನ ಅಂದಾನಪ್ಪ ಬುತ್ತಿ ಬಿಚ್ಚಿದ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಎಂದಿನಂತೆ ಇಬ್ಬರಿಗಾಗುವಷ್ಟು.

“ವೈನಿಯವ್ರಿಗೆ ದಿನಾ ಸುಮ್ನೆ ತ್ರಾಸು,” ಎಂದ ನೂರ್ ಅಹ್ಮದ್, ತಾಟು ಎಳೆದುಕೊಳ್ಳುತ್ತ.

“ತ್ರಾಸ ಎಂಥಾದ್ದು ಬಿಡ್ರೀ.” ಅಂದಾನಪ್ಪ ರೊಟ್ಟಿ ಮುರಿದವನು ಯಾಕೋ ಕೈ ನಿಲ್ಲಿಸಿದ. “ಆದ್ರ ಒಂದ್ ಮಾತು ಉಸ್ತಾದ್ರ. ನಾ ಇಲ್ಲಿ ಬಂದು ಕುಂದರತೀನಿ, ಅನ್ನಪೂರ್ಣಾ ಅಲ್ಲಿ ಒಬ್ಬಾಕಿನ ಉಣ್ತಾಳ. ಲಗ್ನ ಆದಾಗಿಂದ ನಾವು ಕೂಡೇ ಉಂಡವ್ರು. ನಿನ್ನೆ ಅಂದ್ಲು, ‘ಒಬ್ಬಾಕಿ ತಾಟಿನ ಮುಂದ ಕುಂತ್ರ ತುತ್ತು ಇಳಿಯಂಗಿಲ್ರಿ, ಅರ್ಧಕ್ಕ ಎದ್ದು ಬಿಡ್ತೀನಿ’ ಅಂತ.”

ನೂರ್ ಅಹ್ಮದನ ತುತ್ತು ಕೈಯಲ್ಲೇ ಉಳಿಯಿತು. ಅದು ಎಂಥ ಊಟವೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಮನೆಯ ಆ ಒಂಟಿ ಊಟವನ್ನು ತಾನೇ ಒಯ್ದು ಕಂಡು ಕೇಳದ ಹೆಣ್ಣುಮಗಳೊಬ್ಬಳಿಗೆ ಬಡಿಸಿ ಬಂದೆನಲ್ಲ ಎಂದು ತೀರಾ ನಾಚಿಕೆಯಾಯಿತು.

ಕೈ ತೊಳೆದು ಬಂದವನೇ ಗೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. “ತಿರುಗ್ಸಿ.”

ಅಂದಾನಪ್ಪ ತಿರುಗಿಸಿದ.

“ಸರಿ ಅದೆ.”

“ಈಗ ಏನೂ ಮಾಡ್ಲೇ ಇಲ್ಲಲ್ರೀ?”

“ಸೋಮವಾರನೇ ಸರಿ ಇತ್ತು ಸಾವ್ಕಾರ್ರೇ. ನಾನೇ ಸುಳ್ಳು ಹೇಳ್ದೆ.”

ಅಂದಾನಪ್ಪ ಅವನ ಮುಖ ನೋಡಿದ. ಮೂಲೆಯಲ್ಲಿ ತಾನು ದಿನವೂ ಕೂರುತ್ತಿದ್ದ ಸ್ಟೂಲಿನ ಕಡೆ ನೋಡಿದ. ಧೋತರ ಮೇಲೆ ಕಟ್ಟಿ ಗೇರ್ ಬಾಕ್ಸಿನ ಒಂದು ಬದಿಗೆ ಹೋಗಿ ನಿಂತು, “ಬರ್ರಿ, ಎತ್ತೋಣ,” ಎಂದ.

ಶನಿವಾರ ಕಾರು ಹೊರಟಿತು. “ಬನವಾಸಿ ಕಡೆ ಬಂದ್ರ ಮನಿಗೆ ಬರ್ರಿ ಮತ್ತ,” ಎಂದು ಅಂದಾನಪ್ಪ ಕಿಟಕಿಯಿಂದ ಕೈ ಹೊರಹಾಕಿ ಎರಡು ಸಲ ಹೇಳಿದ. ನೂರ್ ಅಹ್ಮದ್ ತಲೆಯಾಡಿಸಿದ. ಕಾರು ಮಸೀದಿಯ ತಿರುವು ದಾಟಿ ಕಣ್ಮರೆಯಾದ ಮೇಲೂ ಒಳಗೆ ಹೋಗಲಿಲ್ಲ.

ತಿರುವಿನಾಚೆ ಏರು. ಅಲ್ಲಿ ಗೇರ್ ಬದಲಿಸಲೇಬೇಕು. ಕಿರ್ರೆಂದು ಒಂದು ಸದ್ದು, ಸಣ್ಣದೊಂದು ಜಗ್ಗು ಬಂದರೂ ಸಾಕು, ಅಂದಾನಪ್ಪ ನಾಳೆಯೇ ಬಾಗಿಲಿಗೆ ಬರುತ್ತಾನೆ. ನೂರ್ ಅಹ್ಮದ್ ಉಸಿರು ಹಿಡಿದು ಕಿವಿಗೊಟ್ಟ. ಕಾರು ಥರ್ಡಿನಿಂದ ಸೆಕೆಂಡಿಗೆ ಬಿದ್ದದ್ದು ಯಾವಾಗ ಎಂದು ಅವನಿಗೂ ತಿಳಿಯಲಿಲ್ಲ. ಎಂಜಿನ್ನಿನ ಸದ್ದು ನುಣ್ಣಗೆ ಏರು ಹತ್ತಿತು, ಎಲ್ಲೂ ತಡೆಯದೆ ಸಣ್ಣಗಾಗುತ್ತ ಹೋಯಿತು.