ನಲವತ್ನಾಲ್ಕರ ಕೋಟು, ಎಪ್ಪತ್ತು ಪರ್ಸೆಂಟ್ ಡಿಸ್ಕೌಂಟ್

ನಾನು ಗೋಡೌನಿನಲ್ಲಿ ಬಟ್ಟೆಗೆ ಬೆಲೆ ಚೀಟಿ ಅಂಟಿಸೋಳು. ಗಂಡಸರ ಬಟ್ಟೆ ಮಾರೋ ಆನ್‌ಲೈನ್ ಅಂಗಡಿ ನಮ್ಮದು. ಆರು ವರ್ಷದಿಂದ ಅದೇ ಕೆಲಸ. ಹಾಗಿದ್ದೂ ಸ್ವಂತ ಅಕ್ಕನೇ ನನ್ನ ಮಾತು ಕೇಳಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ನೋಡಿ.

ನಮ್ಮ ಭಾವ ಒಂದು ಹೋಟೆಲಿನ ಕೌಂಟರಿನಲ್ಲಿ ನಿಂತು ಬಂದವರಿಗೆ ರೂಮು ಕೊಡ್ತಿದ್ರು. ಐದು ತಿಂಗಳ ಹಿಂದೆ ಕಾಯಿಲೆ ಬಿದ್ರು. ಬದುಕಿ ಮನೆಗೆ ಬಂದ್ರು, ಅದೇ ದೊಡ್ಡದು. ಆದ್ರೆ ಕೆಲಸ ಹೋಗಿತ್ತು. ಈಗ ಇನ್ನೊಂದು ಹೋಟೆಲಿನವರು ಕರೆದಿದ್ರು. ಸೋಮವಾರ ಬಂದು ಕಾಣಿ, ಕಪ್ಪು ಕೋಟು ಹಾಕ್ಕೊಂಡು ಬನ್ನಿ ಅಂದಿದ್ರು. ಇದೂ ಕೈ ತಪ್ಪಿದ್ರೆ ಭಾವ ಮತ್ತೆ ಹಾಸಿಗೆ ಹಿಡೀತಾರೆ ಅಂತ ಅಕ್ಕನಿಗೆ ಭಯ.

ಬುಧವಾರ ಬೆಳಿಗ್ಗೆ ಅಕ್ಕ ಮಹಡಿಯಿಂದಲೇ ಕೂಗಿದಳು. "ಬಾರೇ ಬೇಗ! ಕಪ್ಪು ಕೋಟಿಗೆ ಎಪ್ಪತ್ತು ಪರ್ಸೆಂಟ್ ಬಿಟ್ಟಿದಾರೆ. ಇನ್ನು ಹನ್ನೆರಡು ನಿಮಿಷ ಅಷ್ಟೇ!"

ಹತ್ತಿ ಹೋದೆ. ನಮ್ಮ ಅಂಗಡೀದೇ ಸೇಲ್. ಫೋನಿನಲ್ಲಿ ಕೆಂಪು ಗಡಿಯಾರ ಇಳೀತಾ ಇತ್ತು.

"ಯಾವ ಸೈಜು?"

"ನಲವತ್ನಾಲ್ಕು. ನಿಮ್ಮ ಭಾವಂದು ಯಾವಾಗಲೂ ಅದೇ ಅಲ್ವೇನೇ?"

ಭಾವ ಕಿಟಕಿ ಪಕ್ಕ ಕೂತಿದ್ರು. ಅಂಗಿ ಕಾಲರಿನೊಳಗೆ ಇನ್ನೊಂದು ಕುತ್ತಿಗೆ ಹಿಡಿಸೋ ಹಾಗಿತ್ತು.

"ಅಕ್ಕಾ, ಅದಕ್ಕೆ ಎಪ್ಪತ್ತು ಯಾಕೆ ಬಿಟ್ಟಿದಾರೆ ಗೊತ್ತಾ?"

"ಸೀಸನ್ ಮುಗೀತಲ್ಲ, ಖುಷಿಗೆ ಬಿಡ್ತಾರೆ."

"ಖುಷಿಗೆ ಯಾರೂ ಒಂದು ಗುಂಡೀನೂ ಬಿಡಲ್ಲ. ಹೊಸ ಮಾಲು ಬರೋ ಮುಂಚೆ ರ‍್ಯಾಕ್ ಖಾಲಿ ಆಗ್ಬೇಕು. ಯಾವ ಸೈಜು ಎಷ್ಟು ಉಳಿದಿದೆ ಅಂತ ನೋಡ್ತಾರೆ. ಮೂವತ್ತೆಂಟು, ನಲವತ್ತು ಸುಮಾರು ಜನಕ್ಕೆ ಆಗುತ್ತೆ, ಮೊದಲೇ ಖರ್ಚಾಗುತ್ತೆ. ಅದಕ್ಕೆ ಹತ್ತು ಬಿಟ್ರೆ ಹೆಚ್ಚು. ನಲವತ್ನಾಲ್ಕು ರಾಶಿ ಬಿದ್ದಿದೆ. ಅದಕ್ಕೇ ಎಪ್ಪತ್ತು."

"ಒಳ್ಳೇದೇ ಆಯ್ತಲ್ಲ! ನಮಗೆ ಬೇಕಾಗಿರೋದೂ ಅದೇ."

ಇವಳಿಗೆ ಹೇಗಪ್ಪಾ ಹೇಳೋದು ಅನ್ನಿಸ್ತು. "ಇನ್ನೊಂದು ಕೇಳು. ಸೇಲಿಗೆ ಮೂರು ವಾರ ಮುಂಚೆ ಹೊಸ ಚೀಟಿ ಬಂತು. ಹಳೇ ಬೆಲೆ ಮೇಲೆ ಹೆಚ್ಚಿನ ಬೆಲೆ ಅಂಟಿಸಿದವಳು ನಾನೇ. ಡಿಸ್ಕೌಂಟ್ ಆ ಹೊಸ ಬೆಲೆ ಮೇಲೆ." ಹೇಳೋವಾಗ ನನಗೇ ನಾಚಿಕೆ ಆಯ್ತು.

"ಸುಮ್ನಿರೇ, ಎಲ್ಲದರಲ್ಲೂ ಹುಳುಕು ಹುಡುಕ್ತೀಯ."

"ಎಲ್ಲಾ ಅಂಗಡೀಲೂ ಹೀಗೇ ಅಂತ ನಾನು ಹೇಳಲ್ಲ. ನಮ್ಮಲ್ಲಿ ನಡೆದಿದ್ದು ಹೇಳ್ದೆ. ಆ ಗಡಿಯಾರಾನೂ ಸುಳ್ಳೇ, ನಂಬಿಕೆ ಇಲ್ದಿದ್ರೆ ಅದು ಮುಗಿಯೋವರೆಗೆ ಕಾಯಿ."

ಕಾದ್ವಿ. ಗಡಿಯಾರ ಸೊನ್ನೆಗೆ ಬಂತು. ಮರುಕ್ಷಣವೇ ಅದೇ ಕೆಂಪು ಗಡಿಯಾರ ಮತ್ತೆ ಎರಡು ಗಂಟೆಯಿಂದ ಇಳಿಯೋಕೆ ಶುರುವಾಯ್ತು.

"ಅಯ್ಯೋ, ಇವರ ಮನೆ ಹಾಳಾಗ!" ಅಂದಳು. ಆದ್ರೂ ಬೆರಳು ಮಾತ್ರ ಫೋನಿನಲ್ಲಿ ಕೊಳ್ಳೋ ಬಟನ್ ಮೇಲೇ ಇತ್ತು.

"ಕೆಳಗಿನ ಸಣ್ಣ ಅಕ್ಷರ ಓದು."

"ಸೇಲಿನ ಬಟ್ಟೆ ವಾಪಸ್ ತಗೊಳ್ಳಲ್ಲ, ಬದಲಾಯಿಸಿ ಕೊಡಲ್ಲ," ಅಂತ ಓದಿದಳು. "ವಾಪಸ್ ಯಾಕೆ ಕೊಡ್ಲಿ? ಇಪ್ಪತ್ತೊಂದು ವರ್ಷ ಸಂಸಾರ ಮಾಡಿದೀನಿ, ಗಂಡನ ಅಳತೆ ಗೊತ್ತಿಲ್ವಾ?"

ಆಗ ಭಾವ ಎದ್ದು ಬಂದ್ರು. "ಒಂದ್ಸಲ ಅಳೆದುಬಿಡು," ಅಂತ ಎರಡೂ ಕೈ ಎತ್ತಿ ನಿಂತ್ರು.

ಅಕ್ಕ ಹೊಲಿಗೆ ಮೆಷಿನ್ನಿನ ಡ್ರಾಯರಿಂದ ಟೇಪು ತಂದಳು. ಎದೆ ಸುತ್ತ ಹಿಡಿದಳು. ಬಿಟ್ಟು ಮತ್ತೆ ಹಿಡಿದಳು.

"ಮೂವತ್ತೆಂಟು ತೋರಿಸ್ತಿದೆ. ಈ ಟೇಪು ಸರಿ ಇಲ್ಲ."

"ಟೇಪು ಸರಿಯಾಗೇ ಇದೆ," ಅಂದ್ರು ಭಾವ. "ನಾನೇ ಇಳಿದುಹೋಗಿರೋದು."

ಅಕ್ಕನಿಗೆ ಅಳು ಬಂದುಬಿಡ್ತು. "ಹಳೇ ಅಳತೇದೇ ತಂದ್ರೆ ನೀವು ಮೊದಲಿನ ಹಾಗೆ ಆಗ್ತೀರ ಅಂದ್ಕೊಂಡಿದ್ದೆ ಕಣ್ರೀ."

"ಆಗ್ತೀನಿ. ಸೋಮವಾರದೊಳಗೆ ಆಗಲ್ಲ ಅಷ್ಟೇ," ಅಂದ್ರು.

ಸಂಜೆ ಮೂರೂ ಜನ ಪಕ್ಕದ ಬೀದಿ ಅಂಗಡಿಗೆ ಹೋದ್ವಿ. ಅಲ್ಲಿ ಡಿಸ್ಕೌಂಟೂ ಇರಲಿಲ್ಲ, ಗಡಿಯಾರಾನೂ ಇರಲಿಲ್ಲ. ಭಾವ ಮೂರು ಕೋಟು ಹಾಕಿ ನೋಡಿದ್ರು. ಮೂರನೇದು ಭುಜಕ್ಕೆ ಸರಿಯಾಗಿ ಕೂತಿತು. ಸೋಮವಾರ ಆ ಹೋಟೆಲಿನ ಮ್ಯಾನೇಜರು ಭಾವನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿ, "ಯಾವಾಗಿಂದ ಬರ್ತೀರಿ?" ಅಂದ್ರಂತೆ. ಕಾಯಿಲೆ ಮಾತೇ ಎತ್ತಲಿಲ್ಲವಂತೆ.

ಅಕ್ಕಂದಿರೇ, ಅಣ್ಣಂದಿರೇ, ಸೇಲಿನಲ್ಲಿ ತಗೋಬೇಡಿ ಅಂತ ನಾನು ಹೇಳ್ತಿಲ್ಲ, ನನ್ನ ಅನ್ನಾನೂ ಅದೇ. ಆದ್ರೆ ಆ ದೊಡ್ಡ ಡಿಸ್ಕೌಂಟ್ ನಿಮ್ಮ ಮುಖ ನೋಡಿ ಕೊಟ್ಟಿದ್ದಲ್ಲ, ಗೋಡೌನಿನಲ್ಲಿ ಉಳಿದ ರಾಶಿ ನೋಡಿ ಕೊಟ್ಟಿದ್ದು. ಬೇಕಾದ ಬಟ್ಟೆಯ ಬೆಲೆ ಸೇಲಿಗೆ ಒಂದು ತಿಂಗಳು ಮುಂಚೆಯೇ ನೋಡಿ ಬರೆದಿಟ್ಕೊಳ್ಳಿ. ಗಡಿಯಾರ ಓಡಲಿ ಬಿಡಿ, ನೀವು ಓಡಬೇಡಿ. ವಾಪಸ್ ತಗೋತಾರಾ ಅಂತ ಮೊದಲು ಓದಿ. ಮತ್ತೆ, ನಿಮ್ಮ ಮನೆಯವರನ್ನ ಒಂದ್ಸಲ ಎದುರಿಗೆ ನಿಲ್ಲಿಸಿ ಅಳೀರಿ. ಹೋದ ವರ್ಷ ಹೇಗಿದ್ರು ಅಂತಲ್ಲ, ಇವತ್ತು ಹೇಗಿದಾರೆ ಅಂತ ನೋಡಿ.